ಇಂಗ್ಲಿಷ್ ತಾಸಿನಲ್ಲಿ ಹಕ್ಕಿನ ಪಾಠ: ಘೋಷಣೆಯೋ, ಅರ್ಜಿಯೋ?

ಗದಗಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರು ಕೇಳಿದ್ದಾರೆ: ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಓದಿಸಲೋ, ಸರ್ಕಾರಿ ಕಚೇರಿಯಿಂದ ಮಾಹಿತಿ ಕೇಳುವ ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಬರೆಸಲೋ?

ಖರ್ಚು ಎರಡಕ್ಕೂ ಕಡಿಮೆಯೇ. ಘೋಷಣೆಗೆ ಜೆರಾಕ್ಸ್ ಸಾಕು. ಅರ್ಜಿ ನಿಜವಾಗಿ ಕಳಿಸಿದರೆ 10 ರೂಪಾಯಿ ಶುಲ್ಕ.

ಭಾಷೆ ಕಲಿಸಲು ಘೋಷಣೆಯಲ್ಲಿ ರಸ ಜಾಸ್ತಿ. 1948ರ ಈ ಘೋಷಣೆಯಲ್ಲಿ 30 ವಿಧಿಗಳಿವೆ. ಎಲ್ಲ ಓದಿಸಬೇಡಿ, ಮಕ್ಕಳು ಆಕಳಿಸುತ್ತಾರೆ. ಮೊದಲನೆಯದೊಂದೇ ತಗೊಳ್ಳಿ. ಕರಡಿನಲ್ಲಿ ‘ಆಲ್ ಮೆನ್’ (ಎಲ್ಲ ಗಂಡಸರು) ಅಂತ ಇತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಪಟ್ಟು ಹಿಡಿದು ‘ಆಲ್ ಹ್ಯೂಮನ್ ಬೀಯಿಂಗ್ಸ್’ (ಎಲ್ಲ ಮನುಷ್ಯರು) ಮಾಡಿಸಿದರು. ಎರಡನ್ನೂ ಬೋರ್ಡಿನ ಮೇಲೆ ಬರೆದು, ‘ಮೊದಲನೆಯದರಲ್ಲಿ ನಿಮ್ಮ ಅವ್ವ ಇದ್ದಾಳಾ?’ ಅಂತ ಕೇಳಿ. ವ್ಯಾಕರಣ, ಹಕ್ಕು ಎರಡೂ ಒಂದೇ ತಾಸಿನಲ್ಲಿ ಮುಗಿಯುತ್ತವೆ.

ಅರ್ಜಿಯ ಬಲ ಬೇರೆ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಬಿಗಿಯಾಗಿ ಬರೆಯಲು ಒಳ್ಳೆ ಕಸರತ್ತು. ಊರಿನ ನೀರಿನ ಟ್ಯಾಂಕಿನ ಬಗ್ಗೆ ಕೇಳಿಸಿ. ಆದರೆ ಉತ್ತರಕ್ಕೆ 30 ದಿನದ ಗಡುವಿದೆ, ಕಾಯಬೇಕು. ‘ಪಂಚಾಯಿತಿಗೆ ಇಂಗ್ಲಿಷಿನಲ್ಲಿ ಯಾಕ್ರೀ?’ ಅಂತ ಒಬ್ಬ ಜಾಣ ಕೇಳಿಯೇ ಕೇಳುತ್ತಾನೆ. ಕೇಳಲಿ ಬಿಡಿ, ಕಾಯ್ದೆಯಲ್ಲಿ ಕನ್ನಡಕ್ಕೂ ಜಾಗ ಇದೆ. ಅದೂ ಪಾಠವೇ ಅಲ್ವಾ?

ಎಂಟನೆಯವರಿಗೆ, ತಾಸು ಕಡಿಮೆ ಇದ್ದರೆ, ಘೋಷಣೆ. ಒಂಬತ್ತನೆಯವರಿಗೆ, ಒಂದು ತಿಂಗಳು ಕೈಯಲ್ಲಿದ್ದರೆ, ಅರ್ಜಿ. ಸಹಿ ಮಾತ್ರ ದೊಡ್ಡವರದೇ ಇರಲಿ.