ಪದಬಂಧಕ್ಕೆ ದಪ್ಪ ನಿಘಂಟೋ, ಫೋನೋ, ಅಮರಕೋಶವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಮರಕೋಶಕ್ಕೆ, ಅಂದರೆ ಒಂದೇ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಸಂಸ್ಕೃತದ ಹಳೇ ಕೋಶಕ್ಕೆ. ಕನ್ನಡ ಅರ್ಥ ಇರುವ ಹಳೇ ಪ್ರತಿ, ರಟ್ಟು ಕಿತ್ತಿದೆ, 80 ರೂಪಾಯಿಗೆ ಸಿಕ್ಕಿತು. ಅದಕ್ಕೂ ಮುಂಚೆ 600 ರೂಪಾಯಿ ಕೊಟ್ಟು ಒಂದು ದಪ್ಪ ಕನ್ನಡ–ಕನ್ನಡ ನಿಘಂಟು ತಂದಿದ್ದೆ. ಆ ದುಡ್ಡಿಗೆ ದಾವಣಗೆರೆಯಲ್ಲಿ ಎಷ್ಟು ಬೆಣ್ಣೆ ದೋಸೆ ಬರುತ್ತಿತ್ತು ಅಂತ ನಮ್ಮನೆಯವರು ಈಗಲೂ ಲೆಕ್ಕ ಹಾಕುತ್ತಾರೆ.

ನಿಘಂಟಿನಲ್ಲಿ ಪದಗಳಿಗೇನೂ ಬರ ಇಲ್ಲ. ಆದರೆ ಪದ ಗೊತ್ತಿದ್ದರೆ ಮಾತ್ರ ಅದು ಅರ್ಥ ಹೇಳುತ್ತದೆ. ಪದಬಂಧದಲ್ಲಿ ನಡೆಯುವುದು ಉಲ್ಟಾ. ಅರ್ಥ ಅವರೇ ಕೊಟ್ಟಿರುತ್ತಾರೆ, ಪದ ನಾವು ಹುಡುಕಬೇಕು.

ಒಂದು ಭಾನುವಾರ ‘ಕಪ್ಪೆ (3)’ ಅಂತ ಸುಳಿವು ಬಂತು, ಅಂದರೆ ಮೂರಕ್ಷರದ ಪದ ಬೇಕು. ‘ಮಂಡೂಕ’ ಅಂತ ಬರೆದೆ, ಅದೂ ಪೆನ್ನಲ್ಲಿ. ಮೇಲಿನಿಂದ ಕೆಳಕ್ಕೆ ಬರುವ ಪದ ನೋಡಿದರೆ ಕೊನೇ ಚೌಕಕ್ಕೆ ‘ಕ’ ಅಲ್ಲ, ‘ರ’ ಬೇಕು. ನಿಘಂಟಿನಲ್ಲಿ ‘ಕಪ್ಪೆ’ ತೆಗೆದೆ. ಮಂಡೂಕ ಅಂತಲೇ ಇತ್ತು! ಇನ್ನೇನು ಮಾಡುವುದು, ‘ಅ’ದಿಂದ ಪುಟ ತಿರುವಲು ಕೂತೆ. ಪಕ್ಕದಲ್ಲಿ ಮಂಡಕ್ಕಿ, ಮಿರ್ಚಿ. ‘ಕ’ ಮುಗಿಯುವಷ್ಟರಲ್ಲಿ ಮಂಡಕ್ಕಿ ಮೆತ್ತಗಾಗಿತ್ತು, ನಾನೂ. ಮುಂದಿನ ವಾರ ಉತ್ತರ ನೋಡಿದೆ: ದರ್ದುರ. ನಾನು ‘ದ’ ತನಕ ಹೋಗಿರಲೇ ಇಲ್ಲ.

ಅಮರಕೋಶದಲ್ಲಿ ಈ ಗೋಳಿಲ್ಲ. ಅಲ್ಲಿ ಪದಗಳು ಅಕಾರಾದಿಯಾಗಿಲ್ಲ, ವಿಷಯದ ಪ್ರಕಾರ ಗುಂಪಾಗಿವೆ. ಮೊದಲ ಕಾಂಡದ ವಾರಿವರ್ಗಕ್ಕೆ ಹೋದರೆ ನೀರಿನ ಸಂಸಾರವೆಲ್ಲ ಅಲ್ಲೇ. ಕಪ್ಪೆಗೆ ಒಂದೇ ಸಾಲಿನಲ್ಲಿ ಭೇಕ, ಮಂಡೂಕ, ವರ್ಷಾಭೂ, ಶಾಲೂರ, ಪ್ಲವ, ದರ್ದುರ. ಒತ್ತಕ್ಷರಕ್ಕೆ ಬೇರೆ ಚೌಕ ಇಲ್ಲವಲ್ಲ, ಹಾಗಾಗಿ ‘ಪ್ಲವ’ ಎರಡೇ ಚೌಕ, ಬಿಟ್ಟುಬಿಡಿ. ಎರಡನೇ ಕಾಂಡದ ಸಿಂಹಾದಿವರ್ಗದಲ್ಲಿ ಕೋಣ ಇದೆ: ಲುಲಾಯ, ಮಹಿಷ, ಕಾಸರ, ಸೈರಿಭ. ನಾಲ್ಕಕ್ಕೂ ಮೂರೇ ಅಕ್ಷರ! ಪದಬಂಧ ಹೆಣೆಯುವವರಿಗೆ ಹಬ್ಬ, ನಮಗೆ ರಬ್ಬರ್ ಖರ್ಚು. ಈಗ ಪೆನ್ಸಿಲ್ಲಿನಲ್ಲೇ ಬರೆಯುತ್ತೇನೆ. ಯಾವ ವರ್ಗ ಎಲ್ಲಿದೆ ಅಂತ ಕೈಗೆ ರೂಢಿಯಾಗಲು ನನಗೆ ಎರಡು ವಾರ ಹಿಡಿಯಿತು.

ಕೊರತೆಯೂ ಇದೆ. ಅಮರಸಿಂಹ ಬರೆದದ್ದು ಸಂಸ್ಕೃತಕ್ಕೆ. ‘ಗಾಳಿ (3)’ ಅಂದರೆ ಪವನ ಸಿಗುತ್ತದೆ, ಅನಿಲ ಸಿಗುತ್ತದೆ. ನಮ್ಮ ‘ಎಲರು’ ಎಲ್ಲಿ ಸಿಗಬೇಕು?

ಅಂಥ ಕಡೆ ಫೋನು. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇದೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ಪದ. ಅನುಮಾನ ಬಂದ ಪದ ಇದೆಯೋ ಇಲ್ಲವೋ ನೋಡಲು ಒಳ್ಳೇದು. ಆದರೆ ಬೆಳಗಿನ ಟೀ ಹೊತ್ತಿಗೆ ಫೋನ್ ಹಿಡಿದರೆ ನಾನು ಸೀದಾ ವಾಟ್ಸಾಪ್‌ಗೆ ಹೋಗುತ್ತೇನೆ. ಟೀ ಆರುತ್ತದೆ, ಚೌಕ ಖಾಲಿ ಇರುತ್ತದೆ.

ದಪ್ಪ ನಿಘಂಟು ಈಗ ಮಗಳ ಮೇಜಿನ ಮೇಲಿದೆ. ಅವಳು ಪದ ಓದಿ ಅರ್ಥ ಹುಡುಕುವವಳು, ಅವಳಿಗೆ ಸರಿ.