ಮಾತ್ರೆ ತಿಂದು ನಡೆಯುವ ಕುದುರೆ ವಾಸಿಯಾದ ಕುದುರೆಯಲ್ಲ

ಮೈಸೂರಿನಲ್ಲಿ ನಮ್ಮದು ಟಾಂಗಾ ಓಡಿಸುವ ಮನೆ. ಅಜ್ಜ, ಅಪ್ಪ, ಈಗ ನಾನು. ಕುದುರೆ ಕುಂಟುವುದನ್ನು ಚಿಕ್ಕಂದಿನಿಂದ ನೋಡುತ್ತ ಬಂದವನು. ಬಹುಶಃ ಅದಕ್ಕೇ ನಮ್ಮ ಕುದುರೆ ಚಂದ್ರಿಯ ವಿಷಯದಲ್ಲಿ ಎಡವಿದೆ. ಏನೂ ಗೊತ್ತಿಲ್ಲದವನಾಗಿದ್ದರೆ ಮೊದಲ ದಿನವೇ ಹೆದರಿ ಡಾಕ್ಟರನ್ನು ನಾಲ್ಕು ಮಾತು ಹೆಚ್ಚಿಗೆ ಕೇಳಿರುತ್ತಿದ್ದೆ. ಮನೆಯಲ್ಲಿ ಕುದುರೆ ಇರುವವರು ದಯವಿಟ್ಟು ಪೂರ್ತಿ ಓದಿ.

ದಸರಾಕ್ಕೆ ಇನ್ನೂ ಎರಡು ವಾರ ಇತ್ತು. ಸೀಸನ್ ಅಂತ ಒಂದು ಮೂಟೆ ಮುಸುಕಿನ ಜೋಳದ ನುಚ್ಚು ತಂದು ಲಾಯದ ಮೂಲೆಯಲ್ಲೇ ಇಟ್ಟಿದ್ದೆ. ರಾತ್ರಿ ಚಂದ್ರಿ ಹಗ್ಗ ಬಿಡಿಸಿಕೊಂಡಿದ್ದಾಳೆ. ಬೆಳಿಗ್ಗೆ ನೋಡಿದರೆ ಮೂಟೆಯ ಬಾಯಿ ಹರಿದಿದೆ, ಏಳೆಂಟು ಕೆಜಿ ಖಾಲಿ, ಮೂತಿಯೆಲ್ಲ ಹಿಟ್ಟು. ಅಮ್ಮ ನೋಡಿ ನಕ್ಕಳು. ಸಂಜೆ ಲದ್ದಿ ನೀರಾಯಿತು, ಮಾರನೇ ದಿನ ಸರಿಹೋಯಿತು. ಹೊಟ್ಟೆನೋವು ಬರಲಿಲ್ಲವಲ್ಲ, ಬಚಾವಾದೆವು ಅಂದುಕೊಂಡೆವು. ಅಷ್ಟು ಕಾಳು ಒಮ್ಮೆಲೇ ಹೊಟ್ಟೆಗೆ ಬಿದ್ದರೆ ದೊಡ್ಡ ಕರುಳಿನಲ್ಲಿ ಹುಳಿಯೇಳುತ್ತದೆ, ಅಲ್ಲಿಂದ ರಕ್ತಕ್ಕೆ ಸೇರಿದ ವಿಷ ಒಂದೆರಡು ದಿನ ಬಿಟ್ಟು ಗೊರಸಿನಲ್ಲಿ ತೋರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಆವತ್ತೇ ಡಾಕ್ಟರನ್ನು ಕರೆಸಿ, ಕಾಲುಗಳನ್ನು ಐಸ್ ನೀರಿನಲ್ಲಿ ಇಟ್ಟಿದ್ದರೆ ಉಳಿಯುತ್ತಿದ್ದಳೋ ಏನೋ.

ಮೂರನೇ ಬೆಳಿಗ್ಗೆ ಲಾಯದಿಂದ ಹೊರಗೆ ಬರಲೊಲ್ಲಳು. ಎರಡೂ ಮುಂಗಾಲು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ, ಹಿಂದಿನ ಗೋಡೆಗೆ ಒರಗಿ ಕೂರಲು ಹೊರಟವಳ ಹಾಗೆ ನಿಂತಿದ್ದಳು. ಲಾಳ ಹೊಡೆಯುವವರನ್ನು ಕರೆಸಿದೆ. ಹತ್ತು ದಿನದ ಹಿಂದಷ್ಟೇ ಲಾಳ ಹಾಕಿದ್ದರು. ಮೊಳೆ ಒಳಗೆ ಚುಚ್ಚಿ ಕೀವಾಗಿರಬೇಕು ಅಂತ ಲಾಳ ಕಿತ್ತು, ಎರಡೂ ಅಂಗಾಲು ಕೆತ್ತಿದರು. ಕೀವು ಸಿಗಲಿಲ್ಲ. ಇದ್ದ ಅಂಗಾಲೂ ತೆಳ್ಳಗಾಯಿತು. ಆಮೇಲೆ "ರಕ್ತ ಹೆಪ್ಪುಗಟ್ಟಿದೆ ಕಣಪ್ಪ, ನಾಲ್ಕು ಸುತ್ತು ನಡೆಸು, ಬಿಡುತ್ತೆ" ಅಂದರು. ನಡೆಸಿದೆ. ಟಾರು ರಸ್ತೆಯ ಮೇಲೆ. ಮುಂಗಾಲಿನ ಹಿಮ್ಮಡಿ ಮೊದಲು ಊರಿ, ಬಿಸಿ ಹೆಂಚಿನ ಮೇಲೆ ಕಾಲಿಟ್ಟ ಹಾಗೆ ತಟಕ್ಕನೆ ಎತ್ತುತ್ತಿದ್ದಳು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಕೀವು ತುಂಬಿದ್ದರೆ ಸಾಮಾನ್ಯವಾಗಿ ಒಂದು ಕಾಲು ಎತ್ತುತ್ತದೆ. ಎರಡು ಮುಂಗಾಲೂ ಒಟ್ಟಿಗೆ ನೋಯುತ್ತಿದ್ದರೆ ಮೊಳೆಯ ಮೇಲೆ ಅನುಮಾನ ಪಡುವ ಮೊದಲು ಬೇರೆ ಯೋಚನೆ ಮಾಡಬೇಕಿತ್ತು.

ಸಂಜೆ ಬಂದ ಡಾಕ್ಟರು ಸರಿಯಾಗಿಯೇ ಹೇಳಿದರು, "ಲ್ಯಾಮಿನೈಟಿಸ್" ಅಂತ. ಇಂಜೆಕ್ಷನ್ ಕೊಟ್ಟು, ನೋವಿಗೆ ಮಾತ್ರೆ ಬರೆದು, "ಗೊರಸಿನೊಳಗೆ ಊತ, ರೆಸ್ಟ್ ಕೊಡಿ" ಅಂದರು. ಎಕ್ಸ್‌ರೇ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಊತ ಅಂದರೆ ಇಳಿಯುತ್ತದೆ, ಇಳಿದರೆ ವಾಸಿ, ಅಷ್ಟೇ ನನ್ನ ತಲೆಗೆ ಹೋದದ್ದು. ಮಾತ್ರೆ ಶುರುವಾಗಿ ಆರನೇ ದಿನಕ್ಕೆ ಚಂದ್ರಿ ಸಲೀಸಾಗಿ ನಡೆದಳು. ದಸರಾ ಜನ ಬರತೊಡಗಿದ್ದರು. ಅರ್ಧ ದಿನ ಅಂತ ಟಾಂಗಾಕ್ಕೆ ಕಟ್ಟಿದೆ. ಈ ತಪ್ಪು ಯಾರದ್ದೂ ಅಲ್ಲ, ನನ್ನದೇ.

ಮೂರು ದಿನಕ್ಕೆ ಮಲಗಿಬಿಟ್ಟಳು. ಕೂದಲು ಮುಗಿದು ಗೊರಸು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿದರೆ ಒಳಕ್ಕೆ ತಗ್ಗು ಬಿದ್ದಿತ್ತು.

ರೇಸ್ ಕುದುರೆ ನೋಡುವ ಇನ್ನೊಬ್ಬ ಡಾಕ್ಟರು ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಮಿಷನ್ನಿನೊಂದಿಗೆ ಬಂದರು. ಗೊರಸಿನ ಮುಂಭಾಗಕ್ಕೆ, ಕೂದಲ ಗೆರೆಯಿಂದ ತುದಿಯವರೆಗೆ, ಒಂದು ತುಂಡು ತಂತಿ ಅಂಟಿಸಿ ಪಕ್ಕದಿಂದ ಚಿತ್ರ ತೆಗೆದರು. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಚೆನ್ನಾಗಿರುವ ಗೊರಸಿನಲ್ಲಿ ಒಳಗಿನ ಎಲುಬಿನ ಮುಖವೂ ಆ ತಂತಿಯೂ ರೈಲುಹಳಿಯಂತೆ ಸಮಕ್ಕೆ ಇರಬೇಕು. ಚಂದ್ರಿಯದರಲ್ಲಿ ಎಲುಬಿನ ತುದಿ ತಂತಿಯಿಂದ ದೂರ ಸರಿದು ನೆಲದ ಕಡೆ ಬಾಗಿತ್ತು, ಹದಿಮೂರು ಡಿಗ್ರಿ. ಅದರ ಕೆಳಗೆ ಉಳಿದ ಅಂಗಾಲು ಆರು ಮಿಲಿಮೀಟರು. ಹದಿನೈದರ ಹತ್ತಿರ ಇರಬೇಕಿತ್ತಂತೆ.

ಅವರು ಬಿಡಿಸಿ ಹೇಳಿದ್ದು ಹೀಗೆ. ಎಲುಬು ಗೊರಸಿನ ತಳದ ಮೇಲೆ ಕೂತಿರುವುದಿಲ್ಲ, ಗೊರಸಿನ ಗೋಡೆಗೆ ತೂಗುಬಿದ್ದಿರುತ್ತದೆ. ಅಣಬೆಯ ಕೊಡೆಯ ಅಡಿಯಲ್ಲಿ ಪದರ ಪದರ ಇರುತ್ತದಲ್ಲ, ಅಂಥ ತೆಳ್ಳನೆಯ ಪದರಗಳು ಗೋಡೆಯಿಂದಲೂ ಎಲುಬಿನ ಕಡೆಯಿಂದಲೂ ಬಂದು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಮುಂಗಾಲಿನದು, ಅದನ್ನು ಹೊರುವುದು ಈ ಹೆಣಿಗೆ. ಲ್ಯಾಮಿನೈಟಿಸ್ ಅಂದರೆ ಹೆಣಿಗೆ ಬಿಡುವುದು. ಹಿಂದಿನಿಂದ ದಪ್ಪ ಸ್ನಾಯುರಜ್ಜು ಎಲುಬನ್ನು ಎಳೆಯುತ್ತಲೇ ಇರುವುದರಿಂದ ಮುಂದಿನ ಹಿಡಿತ ತಪ್ಪಿದ ಕೂಡಲೇ ತುದಿ ಕೆಳಕ್ಕೆ ತಿರುಗುತ್ತದೆ. ಹಿಡಿತ ಸುತ್ತಲೂ ತಪ್ಪಿದರೆ ಎಲುಬು ಇಡಿಯಾಗಿ ಕುಸಿಯುತ್ತದೆ, ಅದು ಇನ್ನೂ ಕೆಟ್ಟದ್ದು. ಕೂದಲ ಗೆರೆಯ ಆ ತಗ್ಗು ಕುಸಿತದ ಗುರುತು. ನಾನು ನಡೆಸಿದ ಒಂದೊಂದು ಹೆಜ್ಜೆಗೂ ಹೆಣಿಗೆ ಹರಿದಿದೆ. ಮಾತ್ರೆ ನೋವನ್ನು ಮುಚ್ಚಿತ್ತು, ಹರಿಯುವುದನ್ನು ನಿಲ್ಲಿಸಿರಲಿಲ್ಲ. ಗೊರಸು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿನ ಒಳಗೆ. ಕೂದಲ ಗೆರೆಯಿಂದ ತುದಿಗೆ ಹೊಸ ಗೊರಸು ಇಳಿದುಬರಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ನಾನು ಆರು ದಿನಕ್ಕೆ ವಾಸಿ ಅಂದುಕೊಂಡಿದ್ದೆ.

ಲಾಯಕ್ಕೆ ಒಂದಡಿ ಮರಳು ಹಾಕಿದೆವು. ಥರ್ಮಾಕೋಲ್ ಹಲಗೆ ಕತ್ತರಿಸಿ ಅಂಗಾಲಿಗೆ ಟೇಪಿನಿಂದ ಸುತ್ತಿದೆವು. ಹುಲ್ಲನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಸಕ್ಕರೆಯ ಅಂಶ ಬಿಟ್ಟ ಆ ನೀರು ಚೆಲ್ಲಿ ಹಾಕಿದೆವು. ಐದು ವಾರ. ಆಮೇಲೆ ಎಲುಬಿನ ತುದಿ ಅಂಗಾಲನ್ನೇ ತೂತು ಮಾಡಿಕೊಂಡು ಹೊರಬಂತು. ನೋವಿಲ್ಲದೆ ಸಾಯಿಸಲು ಡಾಕ್ಟರಿಗೆ ಹೂಂ ಅಂದದ್ದು ಅಪ್ಪ. ನನ್ನ ಕೈಲಿ ಆಗಲಿಲ್ಲ.

ದುಡ್ಡಿದ್ದವರಿಗೂ ಇದು ಬಗ್ಗಿಲ್ಲ. 1973ರಲ್ಲಿ ಅಮೆರಿಕದ ಮೂರು ದೊಡ್ಡ ರೇಸುಗಳನ್ನೂ ಗೆದ್ದ ಸೆಕ್ರೆಟೇರಿಯಟ್ ಅನ್ನುವ ಕುದುರೆ 1989ರಲ್ಲಿ ಹೋದದ್ದು ಇದರಿಂದಲೇ. 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬರೋ ಮುಂದಿನ ರೇಸಿನಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಮುರಿದ ಕಾಲಿನ ಭಾರವನ್ನೂ ಹೊತ್ತ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು, ಕೊನೆಗೆ ಮುಂಗಾಲುಗಳಿಗೂ. 2007ರ ಜನವರಿಯಲ್ಲಿ ಅದನ್ನೂ ಹಾಗೇ ಸಾಯಿಸಬೇಕಾಯಿತು. ಹಾಗಾಗಿ ಕಾಳು ತಿಂದರೆ ಮಾತ್ರ ಅಂದುಕೊಳ್ಳಬೇಡಿ. ಮರಿ ಹಾಕಿದ ಮೇಲೆ ಮಾಸು ಬೀಳದೆ ಉಳಿದರೂ ಬರುತ್ತದೆ, ಕೊಬ್ಬಿ ಕತ್ತು ಗಟ್ಟಿಯಾದ ಕುದುರೆಗೂ ಬರುತ್ತದೆ.

ನಿಮ್ಮ ಕುದುರೆಗೆ ಈ ಹೆಸರು ಹೇಳಿದರೆ ಅಲ್ಲಿಗೆ ಸುಮ್ಮನಾಗಬೇಡಿ. ಎಲುಬು ತಿರುಗಿದೆಯೋ ಕುಸಿದಿದೆಯೋ, ಅಂಗಾಲು ಎಷ್ಟು ದಪ್ಪ ಉಳಿದಿದೆ, ಮತ್ತೆ ಎಕ್ಸ್‌ರೇ ಯಾವಾಗ, ಮಾತ್ರೆ ನಿಲ್ಲಿಸಿದ ಮೇಲೂ ಎಷ್ಟು ದಿನ ನೋಡಬೇಕು, ಎಲ್ಲ ಕೇಳಿ. ಡಾಕ್ಟರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಹೋದ ತಿಂಗಳು ನಮ್ಮ ಕಡೆಯ ಒಬ್ಬರು ಬಂದು, "ಚಂದ್ರಿಗೆ ತಂದ ಮಾತ್ರೆ ಉಳಿದಿದೆಯಂತಲ್ಲ, ಎರಡು ಕೊಡು, ಸ್ವಲ್ಪ ಕುಂಟ್ತಾ ಇದೆ" ಅಂದರು. ಕೊಡಲಿಲ್ಲ. ಅವರ ಜೊತೆ ಲಾಯಕ್ಕೆ ಹೋಗಿ, ಗೊರಸಿನ ಮೇಲಿನ ಗಂಟಿನ ಹಿಂದೆ, ಎರಡೂ ಪಕ್ಕ ಬೆರಳಿಟ್ಟೆ. ಆರೋಗ್ಯವಾಗಿದ್ದರೆ ಅಲ್ಲಿ ನಾಡಿ ಹುಡುಕಿದರೂ ಸಿಗುವುದು ಕಷ್ಟ. ಬೆರಳಿಗೆ ಬಡಿಯುತ್ತಿತ್ತು, ಎರಡೂ ಮುಂಗಾಲಲ್ಲಿ. ಒಂದು ಹೆಜ್ಜೆಯೂ ಎತ್ತಿಸಬೇಡಿ ಅಂತ ಹೇಳಿ, ಡಾಕ್ಟರಿಗೆ ಫೋನು ಹಚ್ಚಿ, ಅವರ ಹುಡುಗನನ್ನು ಮೀನು ಮಾರ್ಕೆಟ್ಟಿಗೆ ಐಸ್ ತರಲು ಓಡಿಸಿದೆ.