ಹರಿಹರದ ಹಳೆ ಕಿರ್ಲೋಸ್ಕರ್ ಲೇತ್ ಮನೆಯಲ್ಲಿ: ಕೆಲವು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಹಳೆ ಲೇತ್ (ಲೋಹದ ಸಲಾಕೆಯನ್ನು ತಿರುಗಿಸಿ ಕೆತ್ತುವ ಯಂತ್ರ) ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಕೊಳ್ಳಿ. ಆದರೆ ಯಂತ್ರವನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಅದನ್ನು ನಿಲ್ಲಿಸುವ ನೆಲವನ್ನೂ ನೋಡಿ. ನನ್ನ ಬಳಿ ಇರುವುದು ಮೈಸೂರು ಕಿರ್ಲೋಸ್ಕರ್‌ನ ಎಂಟರ್‌ಪ್ರೈಸ್ 1330. 1941ರಲ್ಲಿ ಹರಿಹರದಲ್ಲಿ ಶುರುವಾದ ಆ ಕಾರ್ಖಾನೆ ಈಗ ಇಲ್ಲ, ಈ ಶತಮಾನದ ಆರಂಭದಲ್ಲೇ ಬಾಗಿಲು ಹಾಕಿತು. ಅಲ್ಲಿ ತಯಾರಾದ ಲೇತ್‌ಗಳು ಮಾತ್ರ ಇಂದಿಗೂ ಎಷ್ಟೋ ಊರುಗಳ ವರ್ಕ್‌ಶಾಪ್‌ಗಳಲ್ಲಿ ದುಡಿಯುತ್ತಿವೆ. ನನ್ನದು ಬಾಗಿಲು ಹಾಕುತ್ತಿದ್ದ ಒಂದು ಜಾಬ್ ಶಾಪ್‌ನಿಂದ ಬಂದದ್ದು.

ದುಡ್ಡು ಕೊಡುವ ಮುಂಚೆ ನೋಡಲೇಬೇಕಾದದ್ದು ಬೆಡ್, ಅಂದರೆ ಉಳಿದೆಲ್ಲ ಭಾಗಗಳನ್ನು ಹೊತ್ತ ಉದ್ದನೆಯ ಎರಕದ ತಳ. ಸ್ಯಾಡಲನ್ನು (ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಭಾಗ) ಎಡಗಡೆಯ ಚಕ್ (ಸಲಾಕೆ ಹಿಡಿದು ತಿರುಗುವ ಭಾಗ) ಹತ್ತಿರ ತಂದು, ಅಲ್ಲಿ ಅಲ್ಲಾಡದಂತೆ, ಆದರೆ ಜಾರುವಂತೆ ಗಿಬ್ (ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿ. ಆಮೇಲೆ ಬಲತುದಿಯ ಟೇಲ್‌ಸ್ಟಾಕ್ (ಸಲಾಕೆಯ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಕಡೆಗೆ ತಳ್ಳಿಕೊಂಡು ಹೋಗಿ. ದಾರಿಯಲ್ಲೇ ಸಿಕ್ಕಿಕೊಂಡು ನಿಂತರೆ ಚಕ್ ಹತ್ತಿರ ಬೆಡ್ ಸವೆದಿದೆ ಎಂದೇ ಅರ್ಥ. ಲೇತ್‌ನಲ್ಲಿ ಹೆಚ್ಚಿನ ಕೆಲಸವೆಲ್ಲ ನಡೆಯುವುದು ಆ ಒಂದು ಗೇಣಿನಲ್ಲಿ, ಸವೆತವೂ ಅಲ್ಲೇ. ನನ್ನ ಯಂತ್ರದಲ್ಲಿ ಸ್ವಲ್ಪ ಬಿಗಿಯಾಗುತ್ತದೆ, ನಿಲ್ಲುವುದಿಲ್ಲ. ಸ್ಪಿಂಡಲ್‌ಗೆ (ಚಕ್ ತಿರುಗಿಸುವ ಅಚ್ಚು) ಡಯಲ್ ಗೇಜ್ (ಅತಿ ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಹಚ್ಚಿ, ಚಕ್‌ನಲ್ಲಿ ಹಿಡಿದ ದಪ್ಪ ಸಲಾಕೆಯನ್ನು ಕೈಯಿಂದ ಎತ್ತಿ ನೋಡಿದಾಗ ಮುಳ್ಳು ಹೆಚ್ಚು ಕದಲಲಿಲ್ಲ, ಅಂದರೆ ಸ್ಪಿಂಡಲ್ ಸಡಿಲವಾಗಿಲ್ಲ. ಇವೆರಡು ಸರಿ ಇದ್ದರೆ ಬಣ್ಣ ಹೋಗಿರುವುದು, ಹಿಡಿಕೆ ಮುರಿದಿರುವುದು ಲೆಕ್ಕಕ್ಕಿಲ್ಲ.

ಇನ್ನು ನೆಲದ ವಿಚಾರ. ನಮ್ಮದು ಹಾವೇರಿ ಕಡೆಯ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಲೇತ್ ಕೂಡ ಅದರ ಜೊತೆ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಮಣ್ಣು ತೆಗೆಸಿ, ಗರಸು ತುಂಬಿಸಿ, ನೀರು ಹಾಕಿ ದಮ್ಮಸು ಮಾಡಿಸಿ, ಅದರ ಮೇಲೆ ಕಬ್ಬಿಣ ಕಟ್ಟಿಸಿ ಆರು ಇಂಚು ಕಾಂಕ್ರೀಟ್ ಹಾಕಿಸಿದೆ. 28 ದಿನದ ಕ್ಯೂರಿಂಗ್ ಮುಗಿಯುವವರೆಗೆ ಯಂತ್ರವನ್ನು ಮೇಲೆ ಹತ್ತಿಸಲಿಲ್ಲ. ಲಾರಿಯಿಂದ ಹೈಡ್ರಾ ಕ್ರೇನ್ ಇಳಿಸಿಕೊಟ್ಟಿತು, ಬಾಗಿಲಿನಿಂದ ಒಳಗೆ ಪೈಪಿನ ಮೇಲೆ ಉರುಳಿಸಿಕೊಂಡು, ಹಾರೆಯಿಂದ ಮೀಟುತ್ತ ತಂದೆವು. ಲೇತ್‌ನ ಭಾರ ಹೆಡ್‌ಸ್ಟಾಕ್ (ಸ್ಪಿಂಡಲ್, ಗೇರು ಇರುವ ಎಡತುದಿಯ ಪೆಟ್ಟಿಗೆ) ಕಡೆಗೇ ಹೆಚ್ಚು. ಎತ್ತುವಾಗ ಸ್ಯಾಡಲ್ ಮತ್ತು ಟೇಲ್‌ಸ್ಟಾಕನ್ನು ಬಲತುದಿಗೆ ಸರಿಸಿ ಬಿಗಿ ಮಾಡಿಕೊಳ್ಳಬೇಕು. ಎತ್ತುವ ಬೆಲ್ಟು ಲೀಡ್ ಸ್ಕ್ರೂವನ್ನು (ಬೆಡ್ ಮುಂದಿನ ಉದ್ದನೆಯ ತಿರುಪು) ಒತ್ತದಂತೆ ನೋಡಿಕೊಳ್ಳಬೇಕು.

ಲೆವೆಲಿಂಗ್ ಎಂದರೆ ನೆಲಕ್ಕೆ ಸಮವಾಗಿ ನಿಲ್ಲಿಸುವುದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಜಕ್ಕೂ ಬೇಕಾದದ್ದು ಬೆಡ್‌ನಲ್ಲಿ ತಿರುಚು ಇಲ್ಲದಿರುವುದು. ನಾಲ್ಕು ಕಾಲುಗಳಲ್ಲಿ ಒಂದು ಚೂರು ತಗ್ಗಿದರೂ ಅಷ್ಟು ದಪ್ಪದ ಎರಕದ ಬೆಡ್ ಸಹ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಗಾರೆಯವರ ರಸಮಟ್ಟ ಇಲ್ಲಿ ಕೆಲಸಕ್ಕೆ ಬಾರದು. ಒಂದು ಗೀಟಿಗೆ ಮೀಟರಿಗೆ 0.02 ಮಿ.ಮೀ. ತೋರಿಸುವ ಮಷಿನ್ ಲೆವೆಲ್ ಬೇಕು. ಅದನ್ನು ಕೊಳ್ಳಬೇಕಿಲ್ಲ, ಎರವಲು ಸಿಕ್ಕರೆ ಸಾಕು.

ಬೆಡ್‌ನಲ್ಲಿ ವಿ ಆಕಾರದ ಹಳಿ ಇರುವುದರಿಂದ ಲೆವೆಲನ್ನು ಕ್ರಾಸ್ ಸ್ಲೈಡ್ (ಸ್ಯಾಡಲ್ ಮೇಲೆ ಟೂಲನ್ನು ಒಳಹೊರಗೆ ಸರಿಸುವ ಭಾಗ) ಮೇಲೆ ಅಡ್ಡಲಾಗಿ ಇಟ್ಟೆ. ಸ್ಯಾಡಲನ್ನು ಚಕ್ ಕಡೆ ನಿಲ್ಲಿಸಿ ಗುಳ್ಳೆ ಎಲ್ಲಿದೆ ನೋಡು, ಬಲತುದಿಗೆ ಒಯ್ದು ಮತ್ತೆ ನೋಡು. ಗುಳ್ಳೆ ನಡುವಿಗೆ ಬರಲೇಬೇಕೆಂದಿಲ್ಲ, ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲಬೇಕು. ಗುಳ್ಳೆ ತಡವಾಗಿ ನಿಲ್ಲುತ್ತದೆ, ಪ್ರತಿ ಸಲವೂ ಕಾಯಬೇಕು. ಕೈಯ ಬಿಸಿ ತಾಗಿದರೂ ಓಡುತ್ತದೆ.

ಇಷ್ಟಕ್ಕೆ ನಿಲ್ಲಿಸುವವನಿದ್ದೆ. ನಮ್ಮ ಓಣಿಯಲ್ಲಿ ಜೀವನವೆಲ್ಲ ಟರ್ನರ್ ಆಗಿದ್ದ ಕಾಕಾ ಒಬ್ಬರಿದ್ದಾರೆ. ಬಂದು ನೋಡಿ, "ತಮ್ಮಾ, ಗುಳ್ಳಿ ನೋಡಿ ಆತು ಅನಬ್ಯಾಡ. ಒಂದು ಜಾಬ್ ಹಚ್ಚಿ ಕಟ್ ತಗಿ, ಅದು ಹೇಳ್ತೈತಿ" ಎಂದರು. ಅವರು ತೋರಿಸಿದ ಪರೀಕ್ಷೆಯೇ ಈಗ ನನ್ನ ಕಾಯಂ ಅಳತೆಗೋಲು. 40 ಮಿ.ಮೀ. ದಪ್ಪದ ಸಲಾಕೆಯನ್ನು ಚಕ್‌ನಲ್ಲಿ ಮಾತ್ರ ಹಿಡಿಯಬೇಕು, ಟೇಲ್‌ಸ್ಟಾಕ್ ಆಸರೆ ಕೊಡಬಾರದು. ನಡುವಿನ ಭಾಗ ತಗ್ಗಿಸಿ, 200 ಮಿ.ಮೀ. ಅಂತರದಲ್ಲಿ ಎರಡು ಕಾಲರ್ (ಉಬ್ಬಿದ ಬಳೆಯಂಥ ಪಟ್ಟಿ) ಉಳಿಸಬೇಕು. ಸ್ಪಿಂಡಲ್ ಇಪ್ಪತ್ತು ನಿಮಿಷ ಓಡಿ ಬೆಚ್ಚಗಾದ ಮೇಲೆ, ಚೂಪಾದ ಟೂಲ್‌ನಿಂದ, ಕ್ರಾಸ್ ಸ್ಲೈಡ್‌ನ ಡಯಲ್ ಮುಟ್ಟದೆ, ಎರಡರ ಮೇಲೂ ತೆಳುವಾದ ಒಂದೇ ಕಟ್ ತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆಯಬೇಕು.

ನನ್ನದರಲ್ಲಿ ಬಲಗಡೆಯ ಕಾಲರ್ 0.05 ಮಿ.ಮೀ. ದಪ್ಪ ಬಂತು. ಟೂಲ್ ಅಲ್ಲಿ ಸಲಾಕೆಯಿಂದ ದೂರ ಸರಿಯುತ್ತಿದೆ ಎಂದರ್ಥ. ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು ತುಸು ಎತ್ತಿದರೆ ಬೆಡ್ ಹಿಂದಕ್ಕೆ ವಾಲುತ್ತದೆ, ಟೂಲ್ ಒಳಗೆ ಬರುತ್ತದೆ. ಬಲಗಡೆ ಸಣ್ಣದಾಗಿದ್ದರೆ ಇದರ ಉಲ್ಟಾ. ಕಾಲಿನ ಕೆಳಗೆ ತೆಳುವಾದ ಹಿತ್ತಾಳೆ ಹಾಳೆ (ಶಿಮ್) ಕೊಟ್ಟು, ಬೋಲ್ಟ್ ಬಿಗಿದು, ಮತ್ತೆ ಕಟ್. ಹೀಗೆ 0.01ಕ್ಕೆ ತಂದೆ. ಅದಕ್ಕಿಂತ ಕೆಳಗೆ ಇಳಿಸಲು ಹೋಗಲಿಲ್ಲ. ಬೆಡ್ ಸವೆತವೂ ಈ ಲೆಕ್ಕದಲ್ಲಿ ಸೇರಿಕೊಂಡಿರುತ್ತದೆ, ಅದನ್ನು ಶಿಮ್‌ನಿಂದ ತೆಗೆಯಲಾಗದು.

ಇಷ್ಟು ವರ್ಷದಲ್ಲಿ ಅರ್ಥವಾದದ್ದು, ಈ ಕೆಲಸ ಒಮ್ಮೆ ಮಾಡಿ ಮರೆಯುವಂಥದ್ದಲ್ಲ. ಮುಂಗಾರು ಹಿಡಿದು ಭೂಮಿ ನೆನೆದ ಮೇಲೆ ಒಮ್ಮೆ, ಬೇಸಿಗೆ ನಡುವೆ ಒಮ್ಮೆ ಅದೇ ಸಲಾಕೆಯ ಮೇಲೆ ಕಟ್ ತೆಗೆದು ನೋಡುತ್ತೇನೆ. ಗರಸು ತುಂಬಿಸಿದ್ದರಿಂದ ವ್ಯತ್ಯಾಸ ಅಲ್ಪ, ಆದರೆ ಇದ್ದೇ ಇರುತ್ತದೆ. ರಬ್ಬರ್ ಮೌಂಟ್ ಹಾಕಿಸಲು ಕೆಲವರು ಹೇಳಿದರು. ನಡುಕ ತಗ್ಗುತ್ತದೆ ನಿಜ, ಆದರೆ ಮೆತ್ತಗಿನ ಕಾಲಿನಿಂದ ತಿರುಚು ಬಿಡಿಸಲು ಆಗುವುದಿಲ್ಲ. ನನ್ನ ಮತ ಉಕ್ಕಿನ ಪ್ಯಾಕಿಂಗ್ ಮತ್ತು ಫೌಂಡೇಶನ್ ಬೋಲ್ಟ್‌ಗೇ.

ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದರೂ ತೊಂದರೆಯಿಲ್ಲ. ನನ್ನದರ 2 ಎಚ್‌ಪಿ ತ್ರೀ ಫೇಸ್ ಮೋಟರ್‌ನಲ್ಲಿ ವೈಂಡಿಂಗ್‌ನ ಆರೂ ತುದಿಗಳು ಹೊರಗಿದ್ದವು. ಎಲೆಕ್ಟ್ರಿಷಿಯನ್ ಆ ತುದಿಗಳ ಜೋಡಣೆಯನ್ನು ಸ್ಟಾರ್‌ನಿಂದ ಡೆಲ್ಟಾಗೆ ಬದಲಿಸಿ, 230 ವೋಲ್ಟ್ ಸಿಂಗಲ್ ಫೇಸ್ ಒಳಗೆ ತೆಗೆದುಕೊಂಡು 230 ವೋಲ್ಟ್ ತ್ರೀ ಫೇಸ್ ಹೊರಗೆ ಕೊಡುವ ವಿಎಫ್‌ಡಿ (ಮೋಟರ್‌ನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಕೂಡಿಸಿದರು. ವೇಗ ತಗ್ಗಿಸಲು ಗೇರನ್ನೇ ಬಳಸಿ. ವಿಎಫ್‌ಡಿಯಲ್ಲಿ ತೀರ ಇಳಿಸಿದರೆ ಮೋಟರ್‌ಗೆ ಬಲವೂ ಇರದು, ಫ್ಯಾನ್ ಗಾಳಿಯೂ ಸಾಲದು.

ಪಂಪ್ ಶಾಫ್ಟ್, ಗನ್‌ಮೆಟಲ್ ಬುಷ್, ಟ್ರ್ಯಾಕ್ಟರ್‌ನ ಪಿನ್ನು, ಎಲ್ಲವನ್ನೂ ಇದು ನಿರಾಯಾಸವಾಗಿ ಮಾಡಿಕೊಟ್ಟಿದೆ. ಎಂ.ಎಸ್.ನಲ್ಲಿ (ಮೈಲ್ಡ್ ಸ್ಟೀಲ್) ಆಳವಾದ ಕಟ್ ಕೊಟ್ಟಾಗ ನೀಲಿ ಬಣ್ಣದ ಸುರುಳಿ ಒಂದೇ ಸಮ ಇಳಿಯುವುದನ್ನು ನೋಡುವ ಸಂತೋಷ ಸಣ್ಣ ಬೆಂಚ್ ಲೇತ್‌ನಲ್ಲಿ ಸಿಗದು. ಬಿಡಿಭಾಗಗಳನ್ನು ಹಳೆ ಸಾಮಾನಿನವರ ಬಳಿ ಹುಡುಕಬೇಕು, ಕೆಲವನ್ನು ಮಾಡಿಸಿಕೊಳ್ಳಬೇಕು. ಮಾಳಿಗೆ ಮೇಲೆ ಇಡುವವರಿಗೆ, ಬಾಡಿಗೆ ಮನೆಯವರಿಗೆ ನಾನು ಇದನ್ನು ಹೇಳುವುದಿಲ್ಲ. ಸ್ವಂತ ನೆಲ ಇದ್ದವರು ಕೊಳ್ಳಲು ಹೋಗುವಾಗ ಡಯಲ್ ಗೇಜ್, ಮೈಕ್ರೋಮೀಟರ್, 40 ಮಿ.ಮೀ. ಸಲಾಕೆ ಚೀಲದಲ್ಲಿ ಹಾಕಿಕೊಂಡು ಹೋಗಿ. ಯಂತ್ರವನ್ನು ಓಡಿಸಿ ತೋರಿಸಲು ಒಪ್ಪದವರ ಬಳಿ ವ್ಯಾಪಾರ ಬೇಡ.